ಹೊಳ್ಳೆ ಒಳಗೆ ಕಾರ್ಟಿಲೇಜ್ ಚಾಚ್ಕೊಂಡಿದೆ, ಆಪರೇಷನ್ ಮಾಡಿಸ್ಲೇಬೇಕಾ?

ಓದುಗರ ಪ್ರಶ್ನೆ, ಇಎನ್‌ಟಿ ಡಾಕ್ಟ್ರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂಗಿಂದೇ ಕಾರುಬಾರು, ಹಾಗಾಗಿ ಕಿವಿ ಗಂಟಲಿನವರು ದಯವಿಟ್ಟು ಮುಂದಿನ ಸಂಚಿಕೆವರೆಗೂ ಕಾಯ್ಬೇಕು. ಇನ್ನೊಂದು ಮಾತು, ಪತ್ರ ಓದಿ ಯಾರ ಮೂಗನ್ನೂ ಪರೀಕ್ಷೆ ಮಾಡೋಕಾಗಲ್ಲ, ನಾನಿಲ್ಲಿ ಹೇಳೋದು ನೀವು ನಿಮ್ಮ ಡಾಕ್ಟ್ರ ಮುಂದೆ ಕೂತಾಗ ಏನು ಕೇಳ್ಬೇಕು ಅಂತ ಗೊತ್ತಾಗ್ಲಿ ಅಂತ ಅಷ್ಟೇ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 27 ವರ್ಷ. ಎಡಗಡೆ ಹೊಳ್ಳೆ ಒಳಗೆ ಬಾಗಿಲಲ್ಲೇ ಬೆಳ್ಳಗೆ ಗಟ್ಟಿಯಾಗಿ ಏನೋ ಉಬ್ಕೊಂಡಿದೆ, ಕನ್ನಡಿ ಮುಂದೆ ತಲೆ ಎತ್ತಿದ್ರೆ ಚೆನ್ನಾಗೇ ಕಾಣುತ್ತೆ. ಆ ಕಡೆ ಉಸಿರು ಸರಿಯಾಗಿ ಆಡಲ್ಲ. ದುರ್ಮಾಂಸ ಇರ್ಬೇಕು ಅಂದ್ಕೊಂಡು ತೋರಿಸ್ದೆ, ಅದು ಮಾಂಸ ಅಲ್ಲ ಕಾರ್ಟಿಲೇಜ್ ಪಕ್ಕಕ್ಕೆ ಜರುಗಿದೆ, ಸೆಪ್ಟೋಪ್ಲಾಸ್ಟಿ, ಅಂದ್ರೆ ಅದನ್ನ ನೇರ ಮಾಡೋ ಆಪರೇಷನ್, ಮಾಡೋಣ ಅಂದ್ರು. ಮನೇಲಿ ಮಾತ್ರ ಎಲ್ರೂ ಬೇಡ ಅಂತಿದಾರೆ, ಮೂಗು ಕುಸಿದು ಹೋಗುತ್ತೆ, ಮಾಡಿಸಿದ್ರೂ ಮತ್ತೆ ಬೆಳೆಯುತ್ತೆ ಅಂತ ಹೆದರಿಸ್ತಿದಾರೆ. ಏನ್ ಮಾಡ್ಲಿ?

ಉತ್ತರ: ನಿಮ್ಮ ಡಾಕ್ಟ್ರು ಹೇಳಿದ್ದು ಸರಿ ಇರ್ಬೇಕು ಅನ್ಸುತ್ತೆ. ಎರಡು ಹೊಳ್ಳೆಗಳ ಮಧ್ಯೆ ಒಂದು ಗೋಡೆ ಇದೆಯಲ್ಲ, ಸೆಪ್ಟಮ್ ಅಂತೀವಿ, ಅದರ ಮುಂದಿನ ಭಾಗ ಪೂರ್ತಿ ಕಾರ್ಟಿಲೇಜ್ ಅಂದ್ರೆ ಬಾಗೋ ಮೂಳೆ, ಹಿಂದಿನ ಭಾಗ ಗಟ್ಟಿ ಮೂಳೆ. ಕಾರ್ಟಿಲೇಜಿನ ಮುಂದಿನ ಕೆಳ ಅಂಚು ಮೇಲ್ದವಡೆ ಮಧ್ಯದಲ್ಲಿರೋ ಒಂದು ಸಣ್ಣ ಮೂಳೆ ಮೊನೆ ಮೇಲೆ ಕೂತಿರ್ಬೇಕು. ಅದು ಅಲ್ಲಿಂದ ಜಾರಿ ಒಂದು ಹೊಳ್ಳೆ ಕಡೆಗೆ ತಿರುಗಿದ್ರೆ ನೀವು ಹೇಳಿದ ಹಾಗೇ ಬಾಗಿಲಲ್ಲೇ ಗಟ್ಟಿ ಉಬ್ಬು ಕಾಣುತ್ತೆ. ಚಿಕ್ಕ ವಯಸ್ಸಲ್ಲಿ ಮುಖಕ್ಕೆ ಬಿದ್ದ ಏಟು, ಹೆರಿಗೆ ಟೈಮಲ್ಲಿ ಮೂಗಿಗೆ ಬಿದ್ದ ಒತ್ತಡ, ಬೆಳೆಯೋ ವಯಸ್ಸಲ್ಲಿ ಕಾರ್ಟಿಲೇಜು ಮೂಳೆ ಒಂದೇ ಸಮ ಬೆಳೀದೇ ಇರೋದು, ಇವೆಲ್ಲ ಕಾರಣ ಆಗ್ಬಹುದು, ಎಷ್ಟೋ ಜನಕ್ಕೆ ಯಾವಾಗ ಆಯ್ತು ಅಂತಾನೇ ಗೊತ್ತಿರಲ್ಲ. ದುರ್ಮಾಂಸ ಅಂತ ಜನ ಕರೆಯೋ ಪಾಲಿಪ್ ಸಾಮಾನ್ಯವಾಗಿ ಮೆತ್ತಗೆ, ಪೇಲವವಾಗಿ, ಇನ್ನೂ ಒಳಗಡೆ ಇರುತ್ತೆ, ಅದರ ಟ್ರೀಟ್‌ಮೆಂಟೇ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸೊಟ್ಟ ಇದೆ ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಪೂರ್ತಿ ನೇರ ಸೆಪ್ಟಮ್ ಇರೋರೇ ಕಮ್ಮಿ, ಬೇರೆ ಯಾವುದಕ್ಕೋ ತಲೆ ಸ್ಕ್ಯಾನ್ ಮಾಡ್ಸಿದಾಗ ರಿಪೋರ್ಟಲ್ಲಿ ಡಿಎನ್ಎಸ್, ಅಂದ್ರೆ ಸೆಪ್ಟಮ್ ಸೊಟ್ಟ ಇದೆ, ಅಂತ ಬರೆದಿರ್ತಾರೆ, ಜನ ಅದನ್ನ ಹಿಡ್ಕೊಂಡು ಗಾಬರಿಯಾಗಿ ಓಡಿ ಬರ್ತಾರೆ, ಕೂರಿಸಿ ಕೇಳಿದ್ರೆ ಉಸಿರಾಟದ್ದು ಏನೂ ತೊಂದ್ರೆ ಇರಲ್ಲ, ರಾತ್ರಿ ಬಾಯಿ ಮುಚ್ಕೊಂಡೇ ಚೆನ್ನಾಗಿ ನಿದ್ದೆ ಮಾಡ್ತಿರ್ತಾರೆ. ಅಂಥವರಿಗೆ ನಾನು ರಿಪೋರ್ಟ್ ಮಡಚಿ ಬೀರುವಲ್ಲಿಡಿ ಅಂತೀನಿ. ನಾವು ರಿಪೇರಿ ಮಾಡ್ಬೇಕಾಗಿರೋದು ತೊಂದ್ರೇನ, ಫಿಲ್ಮಲ್ಲಿ ಕಾಣೋ ಗೆರೇನ ಅಲ್ಲ.

ನಿಮ್ಗೆ ತೊಂದ್ರೆ ಇದೆ ಅಂತೀರಿ. ಒಂದು ವಾರ ಸ್ವಲ್ಪ ಗಮನಿಸಿ ನೋಡಿ, ಯಾವಾಗ್ಲೂ ಎಡಗಡೆಯೇ ಕಟ್ಟಿರುತ್ತಾ, ಇಲ್ಲಾ ಒಂದ್ಸಲ ಎಡ ಒಂದ್ಸಲ ಬಲ ಅಂತ ಅದಲು ಬದಲು ಆಗುತ್ತಾ? ಆರೋಗ್ಯವಾಗಿರೋ ಮೂಗಲ್ಲೂ ಒಳಗಿನ ಪೊರೆ ಒಂದು ಕಡೆ ಊದ್ಕೊಂಡು ಇನ್ನೊಂದು ಕಡೆ ಇಳ್ಕೊಳ್ತಾ ಇರುತ್ತೆ, ಕೆಲವು ಗಂಟೆಗೊಂದ್ಸಲ ಸರದಿ ಬದಲಾಗುತ್ತೆ, ಮಲಗಿದಾಗ ಕೆಳಗಿರೋ ಕಡೆ ಹೆಚ್ಚು ಕಟ್ಟುತ್ತೆ, ಇದಕ್ಕೆಲ್ಲ ಕಾರ್ಟಿಲೇಜನ್ನ ದೂರಿ ಪ್ರಯೋಜನ ಇಲ್ಲ. ಸೀನು, ಕಣ್ಣು ಮೂಗು ಕಡಿತ, ನೀರು ಸುರಿಯೋದು ಜೊತೆಗಿದ್ರೆ ಅಲರ್ಜಿ ಪಾಲೂ ಇದೆ ಅಂತ ಅರ್ಥ, ಅದು ಆಪರೇಷನ್ನಿಂದ ಹೋಗಲ್ಲ. ಹಾಗಾಗೇ ಮೊದಲು ಸ್ಟಿರಾಯ್ಡ್ ಸ್ಪ್ರೇ, ಉಪ್ಪು ನೀರಲ್ಲಿ ಮೂಗು ತೊಳೆಯೋದು ಇದನ್ನ ಕೆಲವು ವಾರ ಮಾಡಿಸಿ ನೋಡ್ತಾರೆ. ಸ್ಪ್ರೇಯಿಂದ ಸೊಟ್ಟ ನೇರ ಆಗಲ್ಲ, ಆದ್ರೆ ಪೊರೆ ಊತ ಇಳಿದ್ರೆ ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತೆ. ಅದೂ ಆದ್ಮೇಲೆ ಒಂದೇ ಕಡೆ ಕಟ್ಟಿರೋದು ಹಾಗೇ ಇದ್ರೆ, ಆ ಕಡೆಯಿಂದ ಪದೇ ಪದೇ ರಕ್ತ ಬರ್ತಿದ್ರೆ, ಸೈನಸ್ ಸೋಂಕು ಮರುಕಳಿಸ್ತಿದ್ರೆ, ಆಗ ಆಪರೇಷನ್ ಮಾತಿಗೆ ಅರ್ಥ ಇದೆ. 2019ರಲ್ಲಿ ನೆದರ್ಲ್ಯಾಂಡ್ಸ್‌ನಲ್ಲಿ ಸೊಟ್ಟ ಸೆಪ್ಟಮ್ಮಿಂದ ಮೂಗು ಕಟ್ಟಿದ್ದ 203 ವಯಸ್ಕರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಇನ್ನೊಂದಕ್ಕೆ ಬರೀ ಔಷಧಿ ಇಲ್ಲಾ ಕಾದು ನೋಡೋದು ಅಂತ ಇಟ್ಟು ಹೋಲಿಸಿದ್ರು, ಆಪರೇಷನ್ ಆದವರೇ ಹೆಚ್ಚು ಆರಾಮಾಗಿದ್ರು. ಗಮನಿಸಿ, ಅವರೆಲ್ಲ ನಿಜವಾಗ್ಲೂ ಉಸಿರಾಟದ ತೊಂದ್ರೆ ಇದ್ದವರು.

ನಿಮ್ಮ ಕೇಸಲ್ಲಿ ಇನ್ನೊಂದು ಅಂಶ ಇದೆ. ಹೊಳ್ಳೆ ಬಾಗಿಲ ಹತ್ರಾನೇ ಗಾಳಿಗೆ ಅತ್ಯಂತ ಇಕ್ಕಟ್ಟಾದ ಜಾಗ ಇರೋದು, ಹಿಂದೆ ಆಳದಲ್ಲಿ ದೊಡ್ಡ ಸೊಟ್ಟ ಇದ್ರೂ ಆಗದಷ್ಟು ತೊಂದ್ರೆ ಮುಂದೆ ಸಣ್ಣದಾಗಿ ಜರುಗಿದ್ರೂ ಆಗ್ಬಹುದು. ಅದಕ್ಕೇ ಮುಂದಿನ ಅಂಚು ಜರುಗಿದವರಿಗೆ ಸ್ಪ್ರೇಯಿಂದ ಅಷ್ಟಾಗಿ ಉಪಯೋಗ ಕಾಣೋದಿಲ್ಲ. ಆಪರೇಷನ್ನೂ ಇಲ್ಲಿ ಸ್ವಲ್ಪ ಕಷ್ಟದ್ದೇ, ಯಾಕಂದ್ರೆ ಹಿಂದಿನ ಸೊಟ್ಟ ಭಾಗ ಆದ್ರೆ ಕತ್ತರಿಸಿ ತೆಗೀಬಹುದು, ಮುಂದಿನ ಅಂಚನ್ನ ತೆಗೆಯೋ ಹಾಗಿಲ್ಲ, ಅದನ್ನ ಬಿಡಿಸಿ ಮಧ್ಯಕ್ಕೆ ತಂದು ಆ ಮೂಳೆ ಮೊನೆಗೆ ಹೊಲಿಗೆ ಹಾಕಿ ಕೂರಿಸ್ಬೇಕು. ನಿಮ್ಮ ಡಾಕ್ಟ್ರ ಹತ್ರ ಇದನ್ನೇ ನೇರವಾಗಿ ಕೇಳಿ, ಮುಂದಿನ ಅಂಚನ್ನ ಹೇಗೆ ಸರಿ ಮಾಡ್ತೀರಿ ಸರ್ ಅಂತ. ಕೇಳಿದ್ರೆ ಏನಂದ್ಕೊಳ್ತಾರೋ ಅನ್ನೋ ಸಂಕೋಚ ಬೇಡ, ಮೂಗು ನಿಮ್ದು.

ಮನೆಯವರ ಭಯ ಸುಮ್ನೆ ಹುಟ್ಟಿದ್ದಲ್ಲ. 1900ರ ದಶಕದ ಶುರುವಲ್ಲಿ ಫ್ರೀರ್ ಮತ್ತು ಕಿಲಿಯನ್ ಅನ್ನೋ ಸರ್ಜನ್‌ಗಳು, 1902 ಮತ್ತು 1904ರಲ್ಲಿ, ಮೇಲಿನ ಪೊರೆ ಉಳಿಸಿ ಒಳಗಿನ ಕಾರ್ಟಿಲೇಜು ಮೂಳೆ ತೆಗೆಯೋ ವಿಧಾನನ ಬರೆದಿಟ್ರು, ಎಸ್ಎಂಆರ್ ಅಂತಾರೆ ಅದಕ್ಕೆ, ಬಹಳ ಕಾಲ ಅದೇ ನಡೀತಿತ್ತು. ಉಸಿರು ಸಲೀಸಾಗ್ತಿತ್ತು ನಿಜ, ಆದ್ರೆ ಕಾರ್ಟಿಲೇಜ್ ಜಾಸ್ತಿ ತೆಗೆದುಬಿಟ್ಟ ಕಡೆ ಕಂಬ ಕಿತ್ತ ಚಪ್ಪರದ ಹಾಗೆ ಮೂಗಿನ ಮಧ್ಯ ಕುಸೀತಿತ್ತು, ಗೋಡೇಲಿ ತೂತೂ ಆಗ್ತಿತ್ತು. ಈಗ ಮೇಲ್ಗಡೆ ಒಂದು ಪಟ್ಟಿ ಮುಂದ್ಗಡೆ ಒಂದು ಪಟ್ಟಿ, ಎರಡೂ ಕಮ್ಮಿ ಅಂದ್ರೂ 1 ಸೆಂಟಿಮೀಟರ್ ಅಗಲ, ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಬಿಟ್ಟೇ ಕೆಲಸ ಮಾಡ್ತಾರೆ, ಮೂಗಿನ ಭಾರ ಹೊರೋದು ಆ ಪಟ್ಟಿಗಳೇ. ಕುಸಿಯೋ ಸಾಧ್ಯತೆ ಸೊನ್ನೆ ಅಲ್ಲ, ಆದ್ರೆ ಅಪರೂಪ. ಇನ್ನು ತೆಗೆದ ಕಾರ್ಟಿಲೇಜ್ ಗಿಡದ ಥರ ಮತ್ತೆ ಚಿಗುರೋದಿಲ್ಲ. ಉಳಿಸಿದ ಕಾರ್ಟಿಲೇಜ್ ಮಾತ್ರ ತನ್ನ ಹಳೇ ಬಾಗಿಗೆ ಸ್ವಲ್ಪ ವಾಪಸ್ ಹೋಗೋದುಂಟು, ಕೆಲವರಿಗೆ ಎರಡನೇ ಸಲ ಆಪರೇಷನ್ ಬೇಕಾಗೋದೂ ಅದಕ್ಕೇನೇ.

ಅದನ್ನ ಬಿಟ್ಟು ಇನ್ನೇನು ರಿಸ್ಕ್ ಅಂದ್ರೆ ರಕ್ತ, ಸೋಂಕು, ಗೋಡೇಲಿ ಸಣ್ಣ ತೂತಾಗಿ ಉಸಿರಾಡುವಾಗ ಸಿಳ್ಳೆ ಸದ್ದು ಬರೋದು ಇಲ್ಲಾ ಹಕ್ಕಳೆ ಕಟ್ಟೋದು, ಒಳಗೆ ಎರಡು ಕಡೆ ಪೊರೆ ಅಂಟ್ಕೊಳ್ಳೋದು, ಮೇಲಿನ ಮುಂಬಲ್ಲು ಸ್ವಲ್ಪ ದಿನ ಜೋಮು ಹಿಡಿದ ಹಾಗಿರೋದು. ಒಪ್ಪಿಗೆ ಪತ್ರಕ್ಕೆ ಸೈನ್ ಹಾಕೋ ಮುಂಚೆ ಇವನ್ನೆಲ್ಲ ನಿಮ್ಗೆ ಬಾಯಿಬಿಟ್ಟು ಹೇಳ್ಬೇಕು, ಹೇಳದೇ ಇದ್ರೆ ನೀವೇ ಕೇಳಿ.

ಪ್ರಶ್ನೆ: ಮೇಡಂ, ಮುಂದಿನ ತಿಂಗಳು ನನ್ನ ಸೆಪ್ಟೋಪ್ಲಾಸ್ಟಿ ಇದೆ. ಆಪರೇಷನ್ ಬಗ್ಗೆ ಭಯ ಇಲ್ಲ, ಆದ್ರೆ ಆಮೇಲೆ ಮೂಗಿಗೆ ತುರುಕೋ ಪ್ಯಾಕ್ ತೆಗೆಯುವಾಗ ಜೀವ ಹೋಗಿ ಬರುತ್ತೆ ಅಂತ ಗೊತ್ತಿದ್ದವರೊಬ್ರು ಹೇಳಿದ್ರು, ಅವತ್ತಿಂದ ನಿದ್ದೆ ಇಲ್ಲ. ಕನ್ನಡಕ ಬೇರೆ ಹಾಕ್ತೀನಿ. ಎಷ್ಟು ದಿನ ರಜೆ ಹಾಕ್ಬೇಕು?

ಉತ್ತರ: ಆ ಗೊತ್ತಿದ್ದವರು ಹೇಳಿದ್ದು ಸುಳ್ಳಲ್ಲ, ಉದ್ದನೆ ಗಾಜ್ ಬಟ್ಟೆ ಪಟ್ಟಿ ಬಿಗಿಯಾಗಿ ತುಂಬ್ತಿದ್ದ ಕಾಲದಲ್ಲಿ ಅದನ್ನ ಎಳೆಯೋದು ಆಪರೇಷನ್ನಿಗಿಂತ ದೊಡ್ಡ ಶಿಕ್ಷೆ ಆಗಿತ್ತು. ಈಗ ತುಂಬಾ ಜನ ಸರ್ಜನ್‌ಗಳು ಗೋಡೆಯ ಎರಡೂ ಪೊರೆ ಸೇರಿಸಿ ಕರಗೋ ದಾರದಲ್ಲಿ ಹೊಲಿದುಬಿಡ್ತಾರೆ, ಆಗ ಪ್ಯಾಕೇ ಬೇಕಾಗಲ್ಲ, ಇಲ್ಲಾಂದ್ರೆ ಸ್ಪಂಜ್ ಥರದ ಪ್ಯಾಕ್ ಇಟ್ಟು 24ರಿಂದ 48 ಗಂಟೆ ಒಳಗೆ ತೆಗೀತಾರೆ. ಕೆಲವರಿಗೆ ತೆಳುವಾದ ಸಿಲಿಕಾನ್ ಹಾಳೆ ಎರಡೂ ಕಡೆ ಇಟ್ಟು ಒಂದು ವಾರದ ಹೊತ್ತಿಗೆ ತೆಗೀತಾರೆ, ಅದು ಜಾರಿ ಬರುತ್ತೆ, ಅಷ್ಟು ನೋವಿಲ್ಲ. ನಿಮ್ಗೆ ಯಾವುದು ಇಡ್ತಾರೆ ಅಂತ ಮೊದಲೇ ಕೇಳಿ, ಪ್ಯಾಕ್ ಅಂದ್ರೆ ತೆಗೆಯೋ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಡ್ತೀರಾ ಅಂತಾನೂ ಕೇಳಿ, ಕೇಳಿದವರಿಗೆ ಬೇಡ ಅನ್ನೋರು ಕಮ್ಮಿ.

ಆಪರೇಷನ್ ಪೂರ್ತಿ ಹೊಳ್ಳೆ ಒಳಗಿಂದಾನೇ ನಡೆಯುತ್ತೆ, ಮುಖದ ಮೇಲೆ ಗಾಯದ ಗುರುತು ಇರಲ್ಲ, ಬರೀ ಸೆಪ್ಟಮ್ ಆದ್ರೆ ಕಣ್ಣು ಸುತ್ತ ಕಪ್ಪಾಗೋದೂ ಸಾಮಾನ್ಯವಾಗಿ ಇಲ್ಲ. ಕನ್ನಡಕ ಧಾರಾಳವಾಗಿ ಹಾಕ್ಕೊಳ್ಳಿ. ಹೊರಗಿನ ಮೂಳೆ ಕತ್ತರಿಸಿ ಆಕಾರ ಬದಲಾಯಿಸೋರಿಗೆ ಮಾತ್ರ ಕೆಲವು ವಾರ ಕನ್ನಡಕದ ಭಾರ ಮೂಗಿನ ಮೇಲೆ ಬೀಳ್ಬಾರ್ದು. ಮೊದಲೆರಡು ದಿನ ಬಾಯಲ್ಲೇ ಉಸಿರು, ಗಂಟಲು ಒಣಗಿ ಹಿಂಸೆ ಆಗುತ್ತೆ, ಪಕ್ಕದಲ್ಲಿ ನೀರಿಟ್ಕೊಳ್ಳಿ. ತಲೆ ಎತ್ತರಕ್ಕಿಟ್ಟು ಮಲಗಿ. ರಕ್ತ ಬೆರೆತ ನೀರು ಸ್ವಲ್ಪ ದಿನ ಒಸರುತ್ತೆ, ಗಾಬರಿ ಬೇಡ. ಎರಡು ವಾರ ಜೋರಾಗಿ ಸಿಂಬಳ ಸೀಟೋ ಹಾಗಿಲ್ಲ, ಸೀನು ಬಂದ್ರೆ ತಡೆದು ಹಿಡೀಬೇಡಿ, ಬಾಯಿ ಅಗಲ ತೆಗೆದು ಸೀನಿ. ಹೊಳ್ಳೆಗೆ ಬೆರಳು ಹಾಕಿ ಹಕ್ಕಳೆ ಕೀಳೋ ಅಭ್ಯಾಸ ಇದ್ರೆ ದಯವಿಟ್ಟು ಬಿಟ್ಬಿಡಿ, ಡಾಕ್ಟ್ರು ಹೇಳಿದ ಹಾಗೆ ಉಪ್ಪು ನೀರು ಹಾಕ್ತಿದ್ರೆ ಅದೇ ಕರಗಿ ಬರುತ್ತೆ. ಕೂತು ಮಾಡೋ ಕೆಲಸ ಆದ್ರೆ ಒಂದು ವಾರ, ಭಾರ ಎತ್ತೋದು, ಬಿಸಿಲು ಧೂಳಲ್ಲಿ ಓಡಾಡೋದು ಆದ್ರೆ ಎರಡರಿಂದ ಮೂರು ವಾರ ರಜೆ ಬೇಕಾಗುತ್ತೆ.

ಆಪರೇಷನ್ ಮುಂಚೆ ಒಂದೇ ಒಂದು ಎಚ್ಚರಿಕೆ, ಆಸ್ಪಿರಿನ್, ರಕ್ತ ತೆಳು ಮಾಡೋ ಬೇರೆ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿ ಯಾವುದು ತಗೊಳ್ತಿದ್ರೂ ಪಟ್ಟಿ ಮಾಡಿ ಹೇಳಿ. ನೀವೇ ನಿಲ್ಲಿಸೋಕೆ ಹೋಗ್ಬೇಡಿ, ಹೃದಯಕ್ಕೆ ಅಂತ ಕೊಟ್ಟಿದ್ದನ್ನ ದಿಢೀರಂತ ಬಿಟ್ರೆ ಮೂಗಿಗಿಂತ ದೊಡ್ಡ ತೊಂದ್ರೆ.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಆಟ ಆಡುವಾಗ ಚೆಂಡು ಮೂಗಿಗೆ ಬಡಿದಿದೆ. ಒಂದೇ ಕಡೆ ಕಾರ್ಟಿಲೇಜ್ ಎದ್ದು ಬಂದ ಹಾಗಿದೆ ಅಂತ ನನಗನ್ಸುತ್ತೆ. 18 ಆಗೋವರೆಗೂ ಆಪರೇಷನ್ ಮಾಡಲ್ಲ ಅಂತಾರಲ್ಲ, ಹಾಗಾದ್ರೆ ಈಗ ತೋರಿಸೋ ಅಗತ್ಯ ಇಲ್ವಾ?

ಉತ್ತರ: ಇದೆ ಅಮ್ಮಾ, ಇವತ್ತೇ ಇದೆ! ಏಟು ಬಿದ್ದ ಮೂಗನ್ನ 18ರ ಲೆಕ್ಕಕ್ಕೆ ಸೇರಿಸ್ಬೇಡಿ. ಏಟಾದ್ಮೇಲೆ ಕಾರ್ಟಿಲೇಜ್ ಮತ್ತು ಅದರ ಮೇಲಿನ ಪೊರೆ ಮಧ್ಯೆ ರಕ್ತ ಶೇಖರಣೆ ಆಗ್ಬಹುದು. ಕಾರ್ಟಿಲೇಜಿಗೆ ಸ್ವಂತ ರಕ್ತನಾಳ ಇಲ್ಲ, ಆ ಪೊರೆಯಿಂದಾನೇ ಅದಕ್ಕೆ ಆಹಾರ, ಮಧ್ಯೆ ರಕ್ತ ನಿಂತ್ರೆ ಪೊರೆ ದೂರ ಸರಿದು ಕಾರ್ಟಿಲೇಜ್ ಕೆಲವೇ ದಿನಗಳಲ್ಲಿ ಸಾಯೋಕೆ ಶುರುವಾಗುತ್ತೆ, ಕೀವಾದ್ರಂತೂ ಇನ್ನೂ ಬೇಗ, ಆಮೇಲೆ ಮೂಗು ಕುಸಿದೇ ಬೆಳೆಯುತ್ತೆ. ಹೊಳ್ಳೆ ಒಳಗೆ ಕೆಂಪಗೋ ನೇರಳೆ ಬಣ್ಣಕ್ಕೋ ಮೆತ್ತಗೆ ಊದ್ಕೊಂಡಿದ್ರೆ, ಏಟಾದ್ಮೇಲೆ ಮೂಗು ಕಟ್ಟೋದು ಜಾಸ್ತಿ ಆಗ್ತಿದ್ರೆ, ನೋವು ಜ್ವರ ಬಂದ್ರೆ ರಾತ್ರಿ ಆದ್ರೂ ಸರಿ ಕರ್ಕೊಂಡು ಹೋಗಿ, ಸಣ್ಣದಾಗಿ ಸೀಳಿ ರಕ್ತ ತೆಗೆದ್ರೆ ಮುಗೀತು. ಊತ ಇಲ್ದೇ ಇದ್ರೂ ಒಂದ್ಸಲ ಟಾರ್ಚ್ ಬಿಟ್ಟು ಒಳಗೆ ನೋಡ್ಸಿ. ಮೂಳೆ ಪಕ್ಕಕ್ಕೆ ಸರಿದಿದ್ರೆ ಅದನ್ನ ಕೂರಿಸೋಕೂ ಮಕ್ಕಳಲ್ಲಿ ಒಂದು ವಾರದಷ್ಟೇ ಟೈಮ್ ಸಿಗೋದು, ಆಮೇಲೆ ಹಾಗೇ ಗಟ್ಟಿಯಾಗಿಬಿಡುತ್ತೆ.

ಹಳೇ ಸೊಟ್ಟದ ಮಾತಾದ್ರೆ ಹೌದು, ಮುಖ ಬೆಳೆದು ಮುಗಿಯೋವರೆಗೂ ಅಂದ್ರೆ ಹದಿನಾರು ಹದಿನೆಂಟರ ತನಕ ಕಾಯೋದೇ ರೂಢಿ, ಯಾಕಂದ್ರೆ ಮೂಗಿನ ಬೆಳವಣಿಗೆಗೆ ಸೆಪ್ಟಮ್ ಕಾರ್ಟಿಲೇಜೇ ಆಧಾರ. ಆದ್ರೆ ಮಗು ಪೂರ್ತಿ ಬಾಯಲ್ಲೇ ಉಸಿರಾಡೋ ಅಷ್ಟು ಕಟ್ಟಿದ್ರೆ ಮುಂಚೇನೇ ಸ್ವಲ್ಪವೇ ಸರಿಪಡಿಸೋದೂ ಉಂಟು.

ಪ್ರಶ್ನೆ: ಹಾಯ್ ಡಾಕ್ಟರ್, ನಂಗೆ 19. ಸೈಡಿಂದ ನೋಡಿದ್ರೆ ಮೂಗಿನ ಮಧ್ಯ ಒಂದು ಉಬ್ಬು ಇದೆ, ತುದಿ ದಪ್ಪ ಇದೆ. ಯಾವ ಸೆಲ್ಫಿ ತಗೊಂಡ್ರೂ ಬರೀ ಮೂಗೇ ಕಾಣುತ್ತೆ. ಉಸಿರಾಟ ಓಕೆ. ಸೆಪ್ಟೋಪ್ಲಾಸ್ಟಿ ಮಾಡಿಸಿದ್ರೆ ಇದೂ ಸರಿ ಹೋಗುತ್ತಾ? ಮೂಗು ಹಿಡಿದು ಒತ್ತೋ ಕ್ಲಿಪ್ ಬರುತ್ತಲ್ಲ ಅದು ವರ್ಕ್ ಆಗುತ್ತಾ?

ಉತ್ತರ: ಕ್ಲಿಪ್ ವಿಷಯ ಮೊದಲು, ಆಗಲ್ಲ ಪುಟ್ಟಿ. ಒತ್ತಿಟ್ಟಷ್ಟು ಹೊತ್ತು ಬಾಗುತ್ತೆ, ಬಿಟ್ರೆ ವಾಪಸ್, ಜೊತೆಗೆ ಚರ್ಮ ಕೆಂಪಾಗೋದು ಲಾಭ. ಸೆಪ್ಟೋಪ್ಲಾಸ್ಟಿ ಒಳಗಿನ ಗೋಡೆಗೆ ಸಂಬಂಧಪಟ್ಟಿದ್ದು, ಅದರಿಂದ ಹೊರಗಿನ ಉಬ್ಬು ಹೋಗಲ್ಲ. ಅದಕ್ಕೆ ಬೇಕಾಗಿರೋದು ರೈನೋಪ್ಲಾಸ್ಟಿ. ಉಬ್ಬಿನ ಮೇಲಿನ ಭಾಗ ಮೂಳೆ, ಕೆಳಗಿನ ಭಾಗ ಕಾರ್ಟಿಲೇಜ್, ಎರಡನ್ನೂ ಇಳಿಸಿ, ಬೇಕಿದ್ರೆ ಪಕ್ಕದ ಮೂಳೆ ಕತ್ತರಿಸಿ ಒಳಗೆ ತಳ್ಳಿ ಕೂರಿಸ್ತಾರೆ. ತುದಿಯ ಕಾರ್ಟಿಲೇಜನ್ನ ಹೊಲಿಗೆ ಹಾಕಿ ಚೂಪು ಮಾಡ್ತಾರೆ. ತುದಿಯ ಊತ ಪೂರ್ತಿ ಇಳಿಯೋಕೆ ಒಂದು ವರ್ಷ ಹಿಡಿಯುತ್ತೆ, ಚರ್ಮ ದಪ್ಪ ಇರೋರಿಗೆ ಇನ್ನೂ ಜಾಸ್ತಿ.

ಆದ್ರೆ ನಿನ್ನ ಸೆಲ್ಫಿ ಮಾತಿಗೆ ಒಂದು ವಿಷಯ ಹೇಳ್ತೀನಿ. 2018ರಲ್ಲಿ ಅಮೆರಿಕದ ಸರ್ಜನ್‌ಗಳು ಲೆಕ್ಕ ಹಾಕಿ ತೋರಿಸಿದ್ರು, ಮುಖದಿಂದ 12 ಇಂಚು ದೂರದಲ್ಲಿ ಕ್ಯಾಮೆರಾ ಹಿಡಿದ್ರೆ, 5 ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಸುಮಾರು 30 ಪರ್ಸೆಂಟ್ ಅಗಲವಾಗಿ ಕಾಣುತ್ತೆ. ಮುಖದಲ್ಲಿ ಕ್ಯಾಮೆರಾಗೆ ಹತ್ರ ಇರೋದೇ ಮೂಗು, ಪಾಪ ಅದೇನ್ ಮಾಡುತ್ತೆ. ಬೇರೆ ಯಾರ ಕೈಲಾದ್ರೂ ಐದಾರು ಅಡಿ ದೂರದಿಂದ, ಸ್ವಲ್ಪ ಜೂಮ್ ಮಾಡಿ, ನೇರ ಒಂದು ಸೈಡಿಂದ ಒಂದು ತೆಗೆಸಿ ನೋಡು. ಆಗ್ಲೂ ಬೇಜಾರಾಗ್ತಿದ್ರೆ ರೈನೋಪ್ಲಾಸ್ಟಿ ಮಾಡೋ ಒಬ್ಬರ ಹತ್ರ ಅಲ್ಲ, ಇಬ್ಬರ ಹತ್ರ ಕೇಳು, ಅವಸರ ಏನಿಲ್ಲ. ದಿನಾ ಗಂಟೆಗಟ್ಲೆ ಕನ್ನಡಿ ಮುಂದೆ ಇದೇ ಯೋಚ್ನೆ, ಹೊರಗೆ ಹೋಗೋಕೇ ಮನಸ್ಸಿಲ್ಲ ಅನ್ನೋ ಮಟ್ಟಕ್ಕೆ ಹೋಗಿದ್ರೆ ಮಾತ್ರ ಮೊದಲು ಮನಸ್ಸಿನ ಡಾಕ್ಟ್ರ ಹತ್ರ ಹೋಗು, ಅಂಥಾ ಸ್ಥಿತೀಲಿ ಮೂಗು ಎಷ್ಟೇ ಚೆನ್ನಾಗಿ ಮಾಡಿದ್ರೂ ಸಮಾಧಾನ ಸಿಗೋದಿಲ್ಲ.

ಪ್ರಶ್ನೆ: ಮೂಗು ಕಟ್ಟುತ್ತೆ ಅಂತ ಮೆಡಿಕಲ್ ಶಾಪಿಂದ ಡ್ರಾಪ್ಸ್ ತಂದು ವರ್ಷದಿಂದ ಹಾಕ್ತಿದೀನಿ. ಹಾಕಿದ್ರೆ ಐದೇ ನಿಮಿಷಕ್ಕೆ ಓಪನ್. ಈಗ ದಿನಕ್ಕೆ ಏಳೆಂಟು ಸಲ ಬೇಕು. ಕಾರ್ಟಿಲೇಜ್ ಬೆಳೀತಿದೆ ಅಂತಾನಾ?

ಉತ್ತರ: ಕಾರ್ಟಿಲೇಜಲ್ಲ, ಡ್ರಾಪ್ಸೇ ನಿಮ್ಮ ಕಾಯಿಲೆ. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರೋ ಡ್ರಾಪ್ಸ್‌ನ ಐದಾರು ದಿನಕ್ಕಿಂತ ಹೆಚ್ಚು ಹಾಕ್ಬಾರ್ದು, ಹಾಕಿದ್ರೆ ಅದರ ಪ್ರಭಾವ ಇಳಿದಾಗ ಪೊರೆ ಮೊದಲಿಗಿಂತ ಜಾಸ್ತಿ ಊದ್ಕೊಳ್ಳುತ್ತೆ, ನೀವು ಮತ್ತೆ ಹಾಕ್ತೀರಿ, ಮತ್ತೆ ಊದುತ್ತೆ. ಇಎನ್‌ಟಿ ಡಾಕ್ಟ್ರನ್ನ ನೋಡಿ ಸ್ಟಿರಾಯ್ಡ್ ಸ್ಪ್ರೇ ಶುರು ಮಾಡಿ ಇದನ್ನ ನಿಲ್ಲಿಸಿ, ಒಂದೇ ಸಲಕ್ಕೆ ಬಿಡೋಕಾಗದಿದ್ರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ ಅದು ತೆರೆದ್ಮೇಲೆ ಇನ್ನೊಂದಕ್ಕೆ. ಮೊದಲ ವಾರ ನರಕ, ಆಮೇಲೆ ಸಲೀಸು. ಸೆಪ್ಟಮ್ ಸೊಟ್ಟ ಇದೆಯಾ ಇಲ್ವಾ ಅನ್ನೋದನ್ನ ಅದಾದ್ಮೇಲೆ ನೋಡಿದ್ರೇನೇ ಸರಿಯಾಗಿ ಗೊತ್ತಾಗೋದು.

ಪ್ರಶ್ನೆ: ಸೆಪ್ಟೋಪ್ಲಾಸ್ಟಿ ಆಗಿ ಆರು ವಾರ ಆಯ್ತು. ಎಡಗಡೆ ಸೂಪರ್, ಬಲಗಡೆ ಈಗ ಕಟ್ಟಿದ ಹಾಗಿದೆ! ಮುಂಬಲ್ಲು ಮುಟ್ಟಿದ್ರೆ ಗೊತ್ತಾಗಲ್ಲ. ದುಡ್ಡೆಲ್ಲ ನೀರಿಗೆ ಹಾಕಿದ್ನಾ?

ಉತ್ತರ: ಇಷ್ಟು ಬೇಗ ತೀರ್ಪು ಕೊಡ್ಬೇಡಿ, ಒಳಗಿನ ಊತ ಪೂರ್ತಿ ಇಳಿದು ಫಲಿತಾಂಶ ಗೊತ್ತಾಗೋಕೆ ಮೂರರಿಂದ ಆರು ತಿಂಗಳು ಬೇಕು. ಹಲ್ಲಿನ ಜೋಮು ಅಲ್ಲಿ ಹಾದು ಹೋಗೋ ಸಣ್ಣ ನರದ್ದು, ಬಹುತೇಕ ತಾನೇ ಹೋಗುತ್ತೆ. ಬಲಗಡೆ ಕಟ್ಟೋದಕ್ಕೆ ಒಂದು ಕಾರಣ ಇರ್ಬಹುದು. ಗೋಡೆ ಎಡಕ್ಕೆ ಬಾಗಿದ್ದಾಗ ಬಲಗಡೆ ಖಾಲಿ ಜಾಗ ಜಾಸ್ತಿ ಇತ್ತಲ್ಲ, ಅದನ್ನ ತುಂಬೋ ಹಾಗೆ ಅಲ್ಲಿನ ಟರ್ಬಿನೇಟ್ ಅನ್ನೋ ಪಕ್ಕದ ದಿಂಡು ವರ್ಷಗಟ್ಲೆ ದಪ್ಪ ಆಗಿರುತ್ತೆ, ಈಗ ಗೋಡೆ ಮಧ್ಯಕ್ಕೆ ಬಂದ್ಮೇಲೆ ಆ ದಪ್ಪ ಎದ್ದು ಕಾಣ್ತಿದೆ. ಅದಕ್ಕೇ ಕೆಲವರು ಸೆಪ್ಟಮ್ ಜೊತೆಗೇ ಟರ್ಬಿನೇಟನ್ನೂ ಸಣ್ಣ ಮಾಡ್ತಾರೆ. ಅಥವಾ ಒಳಗೆ ಪೊರೆ ಅಂಟ್ಕೊಂಡಿರ್ಬಹುದು, ಅದನ್ನ ಎಂಡೋಸ್ಕೋಪ್ ಹಾಕಿ ನೋಡಿದ್ರೆ ಎರಡು ನಿಮಿಷಕ್ಕೆ ಗೊತ್ತಾಗುತ್ತೆ, ಬೇಗ ಇದ್ದಾಗ ಬಿಡಿಸೋದೂ ಸುಲಭ. ನಿಮ್ಮ ಡಾಕ್ಟ್ರು ಕೊಟ್ಟ ಫಾಲೋಅಪ್ ತಪ್ಪಿಸಿದ್ರೆ ಈ ವಾರಾನೇ ಹೋಗಿ.

ಇನ್ನೊಂದು ನೀವೇ ಮಾಡಿ ನೋಡ್ಬಹುದು, ಬಲಗೆನ್ನೇನ ಎರಡು ಬೆರಳಲ್ಲಿ ಮೂಗಿನ ಪಕ್ಕದಿಂದ ಹೊರಗೆ ಎಳೆದು ಉಸಿರು ತಗೊಳ್ಳಿ, ತಟ್ಟನೆ ಸಲೀಸಾದ್ರೆ ತೊಂದ್ರೆ ಗೋಡೇದಲ್ಲದೆ ಹೊಳ್ಳೆಯ ಹೊರಗೋಡೆ ಒಳಕ್ಕೆ ಕುಸಿಯೋದೂ ಇರ್ಬಹುದು, ಇದನ್ನ ಡಾಕ್ಟ್ರಿಗೆ ಹೇಳಿ. ಬರೀ ಸೆಪ್ಟಮ್ ನೇರ ಮಾಡಿದ್ರೆ ಅದು ಹೋಗಲ್ಲ, ಕಾರ್ಟಿಲೇಜ್ ಪಟ್ಟಿ ಇಟ್ಟು ಆಸರೆ ಕೊಡ್ಬೇಕಾಗುತ್ತೆ.

ಪ್ರಶ್ನೆ: ನಮ್ಮೆಜಮಾನ್ರ ಗೊರಕೆಗೆ ಮೂಗಿನ ಆಪರೇಷನ್ ಮಾಡಿಸ್ಬಿಡೋಣ ಅಂತಿದೀವಿ, ಗ್ಯಾರಂಟಿ ನಿಲ್ಲುತ್ತಾ?

ಉತ್ತರ: ಗ್ಯಾರಂಟಿ ಇಲ್ಲ. ಮೂಗು ಕಟ್ಟಿರೋದು ಗೊರಕೆಯ ಒಂದು ಪಾಲು ಮಾತ್ರ, ಹೆಚ್ಚಿನ ಸದ್ದು ಬರೋದು ಅಂಗಳು, ಕಿರುನಾಲಿಗೆ, ನಾಲಿಗೆ ಬುಡದಿಂದ. ಮಲಗಿದಾಗ ಮಧ್ಯೆ ಮಧ್ಯೆ ಉಸಿರು ನಿಂತು ಗಕ್ಕಂತ ಎದ್ದ ಹಾಗಾಗುತ್ತಾ, ಹಗಲೊತ್ತು ಕೂತಲ್ಲೇ ತೂಕಡಿಸ್ತಾರಾ ನೋಡಿ, ಹೌದಾದ್ರೆ ಮೊದಲು ನಿದ್ರೆಯ ಟೆಸ್ಟ್ ಮಾಡ್ಸಿ. ಸ್ಲೀಪ್ ಆಪ್ನಿಯಾ, ಅಂದ್ರೆ ನಿದ್ದೇಲಿ ಉಸಿರು ನಿಂತು ನಿಂತು ಬರೋ ಕಾಯಿಲೆ, ಅಂತ ಬಂದ್ರೆ ಸೆಪ್ಟೋಪ್ಲಾಸ್ಟಿ ಒಂದರಿಂದಲೇ ಅದು ಗುಣ ಆಗಲ್ಲ, ಆದ್ರೆ ಮೂಗು ತೆರೆದಿದ್ರೆ ಒತ್ತಡದಲ್ಲಿ ಗಾಳಿ ಊದಿ ಉಸಿರಿನ ದಾರಿ ತೆರೆದಿಡೋ ಸಿಪ್ಯಾಪ್ ಮೆಷೀನ್ ಹಾಕ್ಕೊಂಡು ಮಲಗೋದು ಸುಲಭ ಆಗುತ್ತೆ, ಎಷ್ಟೋ ಜನಕ್ಕೆ ನಾವು ಮೂಗು ಸರಿ ಮಾಡೋದೇ ಅದಕ್ಕೋಸ್ಕರ. ಟೆಸ್ಟ್ ರಿಪೋರ್ಟ್ ಬಂದ್ಮೇಲೆ ಆಪರೇಷನ್ ಡೇಟ್ ಮಾತಾಡಿ, ಅದಕ್ಕೂ ಮುಂಚೆ ಬೇಡ.